ಜೋಳಿಗೆಯಲ್ಲಿ ಉಳಿದದ್ದು

೧೬ ಆಗಸ್ಟ್ ೨೦೦೪, ಸೋಮವಾರ

ಇವತ್ತೂ ಅದೇ ಜಗಳ. ದುರ್ಗದಬೈಲಿನಲ್ಲಿ ವಧು-ವರರ ಕೇಂದ್ರ ನಡೆಸುವ ಸುಕನ್ಯಾ ಅಕ್ಕಾರು ಸರಿಯಾಗಿ ಊಟದ ಹೊತ್ತಿಗೆ ಫೋನ್ ಮಾಡಿದರು. "ನೀಲಾ, ಇನ್ನೊಂದ ಕಾಲಂ ಬೇಕಾಗೇತಿ ನೋಡವಾ. ಹುಡುಗಿಗೆ ಚಷ್ಮಾ ಐತೋ ಇಲ್ಲೋ ಅಂತ." ಹೋದ ವಾರ ಅವರಿಗೆ 'ತಾಯಿ ಎರಡನೆಯ ಸಂಬಂಧದವಳೇ' ಎನ್ನುವುದು ಬೇಕಾಗಿತ್ತು. ಅದಕ್ಕೂ ಮುಂಚೆ 'ಮನೆಯಲ್ಲಿ ಎಮ್ಮೆ ಇದೆಯೇ'. ಯಾರೋ ಒಬ್ಬರು ಕೇಳಿದ್ದನ್ನು ಎಲ್ಲರಿಗೂ ಹಚ್ಚಿ, ಪ್ರೋಗ್ರಾಮನ್ನು ಮತ್ತೆ ಕಟ್ಟಿ, ಸೀಡಿ ಹಿಡಿದು ಬಸ್ಸಿನಲ್ಲಿ ಹೋಗಿ ಹಾಕಿ ಬರುವವಳು ನಾನು.

ಪ್ರೋಗ್ರಾಮ್ ಬರೆಯುತ್ತಿರುವುದು ಜಾವಾ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ. ಅದರ ಶಿಸ್ತು ನನಗೆ ಮೊದಲಿನಿಂದಲೂ ಇಷ್ಟ. 'ವಧು' ಎಂದರೆ ಏನು, ಅವಳಿಗೆ ಯಾವ ಯಾವ ವಿವರ ಇರುತ್ತವೆ, ಯಾವುದು ಅಂಕಿ, ಯಾವುದು ಅಕ್ಷರ, ಎಲ್ಲವನ್ನೂ ಮೊದಲೇ ಸಾರಿಬಿಡಬೇಕು. ಆಮೇಲೆ ಒಬ್ಬಳಿಗೆ ಮಾತ್ರ ಹೊಸದೊಂದು ಸೇರಿಸುತ್ತೇನೆಂದರೆ ಭಾಷೆ ಒಪ್ಪುವುದಿಲ್ಲ. ಅವ್ವನ ಒಗ್ಗರಣೆ ಡಬ್ಬಿಯ ಹಾಗೆ. ಸಾಸಿವೆಗೊಂದು ಬಟ್ಟಲು, ಜೀರಿಗೆಗೊಂದು, ಅರಿಶಿನಕ್ಕೊಂದು. ಇನ್ನೊಂದು ಬಟ್ಟಲು ಬೇಕೆಂದರೆ ಡಬ್ಬಿಯನ್ನೇ ಬದಲಿಸಬೇಕು. ಜಾತಿಯದು ಮೊಟ್ಟಮೊದಲ ಬಟ್ಟಲು, ಖಾಲಿ ಬಿಡಲು ಬರುವುದೇ ಇಲ್ಲ. ಅದೊಂದನ್ನು ಮಾತ್ರ ಸುಕನ್ಯಾ ಅಕ್ಕಾರು ಮೊದಲ ದಿನವೇ ನೆನಪಿಟ್ಟು ಹಾಕಿಸಿಕೊಂಡಿದ್ದರು.

ಫಕೀರೇಶನಿಗೆ ಸಾಕಾಗಿಹೋಗಿದೆ. ಎರಡು ಕೋಣೆಯ ಈ ಕಂಪನಿಗೆ ಅವನೇ ಯಜಮಾನ, ಅವನೇ ಜವಾನ. "ಒಬ್ಬೊಬ್ಬಾಕಿ ಕೊರಳಿಗೂ ಒಂದೊಂದ ಜೋಳಿಗಿ ಕಟ್ಟಿಬಿಡ ನೀಲಾ. ಅದರಾಗ ಹೆಸರೊಂದು, ಉತ್ತರೊಂದು. ಅಕ್ಕಾರು ಏನ ಬೇಕಾದ್ದ ತುಂಬ್ಕೊಳ್ಳಲಿ, ನಮ್ಮನ್ನ ಕೇಳೂದ ಬ್ಯಾಡ" ಎಂದ. ಜೋಳಿಗೆಯೊಳಗೆ ಕಂಪೈಲರ್ ಕೈ ಹಾಕಿ ನೋಡುವುದಿಲ್ಲ, ತಪ್ಪು ಹಿಡಿಯುವ ಮಾಸ್ತರನನ್ನೇ ಹೊರಗೆ ನಿಲ್ಲಿಸಿ ಪಾಠ ಮಾಡಿದ ಹಾಗಾಗುತ್ತದೆ ಎಂದೆ. ಅವನು ಕೇಳಲಿಲ್ಲ.

ಅಪ್ಪನ ಹಳೆಯ ಗಡಿಯಾರ ಕಟ್ಟಿಕೊಳ್ಳಲು ಶುರುಮಾಡಿದ್ದೇನೆ. ಅಗಲ ಪಟ್ಟಿಯದು. ಗಂಡಸರ ಗಡಿಯಾರ ನಿನಗ್ಯಾಕ ಎಂದು ಅವ್ವ ನಕ್ಕಳು. ಅಂಕಿ ದೊಡ್ಡದಾಗಿ ಕಾಣುತ್ತವೆ ಎಂದೆ.

೨೯ ಆಗಸ್ಟ್, ರವಿವಾರ

ನಿನ್ನೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಮನೆಯಲ್ಲಿ ಆಫೀಸು ಎಂದು ಹೇಳಿದ್ದೆ.

ಅದು ಮೊದಲು ಅಂಗಿಯ ಗುಂಡಿಯಷ್ಟಿತ್ತು. ಈಗ ಎಂಟಾಣೆಯಷ್ಟಿದೆ. ಡಾಕ್ಟರು ಗಡಿಯಾರ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿ, "ಅಂಟು ರೋಗಲ್ಲವಾ ಇದು. ಜೀವಕ್ಕೇನೂ ಆಗಂಗಿಲ್ಲ. ಹಬ್ಬಬಹುದು, ಹಬ್ಬದೇನೂ ಇರಬಹುದು" ಎಂದರು. ಅಡ್ಡಗೋಡೆಯ ಮೇಲೆ ದೀಪ. ಅದರ ಹೆಸರನ್ನೂ ಹೇಳಿದರು. ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಧಾರವಾಡದ ಅಂಬರೀಷ ಮತ್ತು ಅವರ ಮನೆಯವರು ನನ್ನನ್ನು ನೋಡಿ ಹೋದದ್ದು ಜೂನ್‌ನಲ್ಲಿ. ಡಿಸೆಂಬರಿನಲ್ಲಿ ನಿಶ್ಚಯ ಮಾಡೋಣ ಎಂದಿದ್ದಾರೆ. ಅವತ್ತು ಅವರ ಸೋದರತ್ತೆ ನನ್ನ ಕೈ ಹಿಡಿದು, "ಕೈ ತೊಳಕೊಂಡು ಮುಟ್ಟೂ ಹಂಗ ಅದಾಳವಾ ಹುಡುಗಿ" ಎಂದಿದ್ದರು. ಅವ್ವ ಹಿಗ್ಗಿ ಹೀರೇಕಾಯಿಯಾದಳು. ಅಪ್ಪ ಮಾತ್ರ ತಲೆ ತಗ್ಗಿಸಿ ನಕ್ಕರು. ನಮ್ಮವರನ್ನು ಮುಟ್ಟಿದ ಮೇಲೆ ಕೈ ತೊಳೆಯುತ್ತಿದ್ದ ಕಾಲವನ್ನು ಅಪ್ಪ ನೋಡಿದ್ದಾರೆ. ಬೌದ್ಧ ದೀಕ್ಷೆ ತೆಗೆದುಕೊಂಡು, ಮಾಸ್ತರಿಕೆ ಮಾಡಿ, ನವನಗರದಲ್ಲಿ ಮನೆ ಕಟ್ಟಿಸಿ, ಮಗಳ ಕೈಯನ್ನು ಯಾರೋ ಕೈ ತೊಳೆದು ಮುಟ್ಟುವಂಥದ್ದು ಎನ್ನುವುದನ್ನು ಕೇಳುವವರೆಗೆ ಬಂದಿದ್ದರು. ಆ ಕೈಗೇ ಇದು ಬರಬೇಕೆ?

೯ ಸೆಪ್ಟೆಂಬರ್, ಗುರುವಾರ

ಜೋಳಿಗೆ ಮುಗಿಯಿತು. ಜೋಳಿಗೆಗಳನ್ನು ವಧು-ವರರ ವಿವರಗಳಿಂದ ಬೇರೆಯಾಗಿಯೇ ಇಟ್ಟಿದ್ದೇನೆ, ಯಾವುದು ಯಾರದು ಎನ್ನುವುದಕ್ಕೆ ಅವರವರ ನಂಬರೇ ಗುರುತು. ಒಳಗೆ ಅಂಕಿಯಿದ್ದರೂ ಸರಿ, ಅಕ್ಷರವಿದ್ದರೂ ಸರಿ, ಹಾಳುಮೂಳು ಇದ್ದರೂ ಸರಿ. ನನಗೆ ಸಮಾಧಾನವಿಲ್ಲ, ಆದರೆ ಕೆಲಸ ಮಾಡುತ್ತದೆ.

ಪರೀಕ್ಷೆಗೆ ಒಬ್ಬಳು ವಧು ಬೇಕಿತ್ತು. ಎಲ್ಲ ಪ್ರೋಗ್ರಾಮರುಗಳೂ ಮಾಡುವುದನ್ನೇ ಮಾಡಿದೆ, ನನ್ನ ಹೆಸರು ಹಾಕಿದೆ. ನಂಬರ್ ಒಂದು, ನೀಲಾ ಮಹಾದೇವಪ್ಪ. ಜೋಳಿಗೆಗೆ ಏನಾದರೂ ಹಾಕಬೇಕಲ್ಲ? ಫಕೀರೇಶ ಚಹಾಕ್ಕೆ ಹೋಗಿದ್ದ. ಬೆರಳು ತಾನಾಗಿ ಹೊಡೆಯಿತು.

ಬಿಳಿ ಕಲೆ: ಇದೆ.
ಮನೆಯವರಿಗೆ ಗೊತ್ತೇ: ಇಲ್ಲ.

ಗುಂಡಿ ಒತ್ತಿದೆ. ಯಾರಿಗೂ ಹೇಳದ ಮಾತನ್ನು ಅದು ಪರದೆಯ ಮೇಲೆ ಹಾಗೇ ತಿರುಗಿ ತೋರಿಸಿತು. ಅಳು ಬಂತು. ಪರೀಕ್ಷೆ ಪಾಸಾಗಿತ್ತು.

೨೦ ಅಕ್ಟೋಬರ್, ಬುಧವಾರ

ಕೇಂದ್ರದವರು ದಸರೆಯ ದಿನ ಪೂಜೆ ಮಾಡಿ ಪ್ರೋಗ್ರಾಮ್ ಶುರುಮಾಡುತ್ತಾರಂತೆ. ಪರೀಕ್ಷೆಗೆ ಹಾಕಿದ ನಲವತ್ತಾರು ಹೆಸರುಗಳನ್ನೂ ಅಳಿಸಿದೆ. ಮುಂದಿನ ನಂಬರ್ ನಲವತ್ತೇಳು ಎಂದು ತೋರಿಸಿದ್ದಕ್ಕೆ ಸುಕನ್ಯಾ ಅಕ್ಕಾರು ಗಾಬರಿಯಾದರು. "ಛಲೋ ದಿನಾ ಅಂತ ಶುರು ಮಾಡೂದು, ನಲವತ್ತೇಳರಿಂದ ಯಾರರೆ ಎಣಿಸ್ತಾರೇನು? ಮೊದಲನೇ ಹುಡುಗಿಗೆ ಒಂದ ನಂಬರ ಬರಬೇಕ ನೋಡು." ಅಂಕಿಯನ್ನು ಹಿಂದಕ್ಕೆ ತಿರುಗಿಸಿ ಒಂದಕ್ಕೆ ನಿಲ್ಲಿಸಿ ಬಂದೆ.

೨೨ ಅಕ್ಟೋಬರ್, ಶುಕ್ರವಾರ. ದಸರಾ

ಕಂಪ್ಯೂಟರಿನ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ. ತೆಂಗಿನಕಾಯಿಯ ನೀರು ಕೀಲಿಮಣೆಯ ಮೇಲೆ ಸಿಡಿಯುತ್ತದೆಂದು ಫಕೀರೇಶ ಟವೆಲ್ ಹಿಡಿದು ಕಾವಲು ನಿಂತಿದ್ದ.

ಮೊದಲನೆಯ ಹುಡುಗಿ ಸುಮಲತಾ. ಗೋಪನಕೊಪ್ಪದಲ್ಲಿ ಟೇಲರ್ ಅಂಗಡಿ ಇಟ್ಟಿರುವ ಶಿದ್ದಪ್ಪನ ಮಗಳು. ಒಂದನೆಯವಳೆಂದು ಫೀ ಬಿಟ್ಟರು. ವಿವರಗಳನ್ನು ನಾನೇ ಹೊಡೆದೆ. ಹುಡುಗಿ ನನ್ನ ಕುರ್ಚಿಯ ಹಿಂದೆ ನಿಂತು, "ಅಕ್ಕಾ, ಇದರಾಗ ನಾ ಹ್ಯಾಂಗ ಕಾಣಸ್ತೇನ್ರಿ?" ಎಂದು ಕೇಳಿದಳು. ಫೋಟೋ ಹಾಕಿ ತೋರಿಸಿದೆ. ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಹೊರಡುವಾಗ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಕಾಲು ಮುಟ್ಟಿದಳು. ಎರಡು ತಿಂಗಳಲ್ಲಿ ನನಗೆ ಹಿತವೆನಿಸಿದ್ದು ಅದೊಂದೇ ಗಳಿಗೆ.

೧೮ ನವೆಂಬರ್, ಗುರುವಾರ

ಜೋಳಿಗೆಗಳು ತುಂಬುತ್ತಿವೆ. ಇವತ್ತು ಕೇಂದ್ರದಲ್ಲಿ ಕುಳಿತು ಈಚೆಗೆ ತುಂಬಿದ ಕೆಲವನ್ನು ನೋಡಿದೆ. 'ನಗುವಾಗ ವಸಡು ಕಾಣುತ್ತದೆ.' 'ಒಂದು ಸಂಬಂಧ ಮುರಿದಿದೆ.' 'ಅಕ್ಕ ಓಡಿಹೋಗಿದ್ದಾಳೆ.' ಎಲ್ಲವೂ ವಧುಗಳ ಜೋಳಿಗೆ. ವರರ ಜೋಳಿಗೆ ಒಂದೊಂದಾಗಿ ತೆರೆದೆ, ಒಳಗೆ ಏನೂ ಇಲ್ಲ. ಗಂಡುಮಕ್ಕಳ ವಸಡು ಯಾರೂ ನೋಡುವುದಿಲ್ಲವೆಂದು ಕಾಣುತ್ತದೆ. ಇಬ್ಬರಿಗೂ ಒಂದೇ ಅಳತೆಯ ಜೋಳಿಗೆ ಹೊಲಿದವಳು ನಾನು.

ಮೊಣಕೈ ಹತ್ತಿರ ಇನ್ನೊಂದು ಬಂದಿದೆ. ಹಬ್ಬದೇನೂ ಇರಬಹುದು ಎಂದಿದ್ದರಲ್ಲ? ತುಂಬುತೋಳಿನ ಚೂಡಿದಾರಗಳನ್ನು ಹೊಲಿಸಿಕೊಂಡೆ. ಅಂಬರೀಷ ಆಫೀಸಿಗೆ ಫೋನ್ ಮಾಡಿ, "ನಿಮ್ಮ ದನಿ ಯಾಕೋ ಸಣ್ಣ ಆಗೇತಲ್ಲ, ಆರಾಮ ಅದೀರಿಲ್ಲೋ?" ಎಂದರು. ಇಷ್ಟು ನಾಜೂಕಾಗಿ ಕೇಳುವವನು ಕೈ ತಪ್ಪಿಹೋಗುತ್ತಾನೆಂದು ತಿಳಿದಿದ್ದೂ ಆರಾಮಿದ್ದೇನೆ ಎಂದೆ. ಬದುಕು ಬೇಡವಾಗಿದೆ.

೨೫ ನವೆಂಬರ್, ಗುರುವಾರ

ಏನು ಬರೆಯಲಿ?

ಬೆಳಿಗ್ಗೆ ಸುಕನ್ಯಾ ಅಕ್ಕಾರು ಫೋನಿನಲ್ಲಿ ಕಿರುಚಿದರು. ಸುಮಲತಾಳಿಗೆ ಧಾರವಾಡದ ಬೇರೊಂದು ಮನೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಒಪ್ಪಿದ್ದ, ಮಾತುಕತೆಯೂ ಆಗಿತ್ತು. ಹುಡುಗನ ಕಾಕಾ, ಎಲ್ಲ ವಿವರ ಕಾಗದದ ಮೇಲೆ ಬೇಕು ಎಂದರಂತೆ. ಕೇಂದ್ರದವರು ಪ್ರಿಂಟ್ ತೆಗೆದು, ಓದದೆ ಲಕೋಟೆಗೆ ಹಾಕಿ ಕಳಿಸಿದ್ದಾರೆ. ಆ ಕಾಗದದ ಕೊನೆಯಲ್ಲಿ ಇದ್ದವು, ನನ್ನ ಎರಡು ಸಾಲು. ಬಿಳಿ ಕಲೆ: ಇದೆ. ಮನೆಯವರಿಗೆ ಗೊತ್ತೇ: ಇಲ್ಲ.

ಸಂಬಂಧ ಮುರಿಯಿತು.

ಕೇಂದ್ರಕ್ಕೆ ಓಡಿ, ಪ್ರೋಗ್ರಾಮ್ ತೆರೆದು ನೋಡಿದ ಕೂಡಲೇ ತಿಳಿಯಿತು. ಪರೀಕ್ಷೆಯ ಹೆಸರುಗಳನ್ನು ಅಳಿಸುವ ಪ್ರೋಗ್ರಾಮನ್ನು ನಾನು ಬರೆದದ್ದು ಜೋಳಿಗೆ ಹುಟ್ಟುವ ಮೊದಲು. ಜೋಳಿಗೆ ಎನ್ನುವುದೊಂದಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಅದು ನೀಲಾಳನ್ನು ಅಳಿಸಿತು, ನೀಲಾಳ ಜೋಳಿಗೆಯನ್ನು ಒಂದನೆಯ ನಂಬರಿನ ಗೂಟಕ್ಕೆ ತೂಗುಬಿಟ್ಟಿತು. ನಂಬರುಗಳು ಮುಂದಕ್ಕೇ ಹೋಗುತ್ತಿದ್ದರೆ ಅದು ಯಾರಿಗೂ ತಾಗದೆ ಕೊಳೆಯುತ್ತಿತ್ತು. ಶುಭವಾಗಲಿ ಎಂದು ಅಂಕಿಯನ್ನು ಒಂದಕ್ಕೆ ತಿರುಗಿಸಿದೆವು. ಒಂದನೆಯವಳಾಗಿ ಬಂದವಳ ಕೊರಳಿಗೆ ಅದು ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಗುತ್ತಿದ್ದೆವು. ಬರೆ ಎಳೆದವಳು ನಾನೇ, ಜ್ವರವೂ ನನ್ನದೇ.

ಎರಡು ಸಾಲನ್ನೂ ಅಳಿಸಿದೆ. ಅಳಿಸಿ ಏನು ಬಂತು?

೨೭ ನವೆಂಬರ್, ಶನಿವಾರ

ಫಕೀರೇಶ, ನಾನು, ಸುಕನ್ಯಾ ಅಕ್ಕಾರು ಧಾರವಾಡಕ್ಕೆ ಹುಡುಗನ ಮನೆಗೆ ಹೋಗಿದ್ದೆವು. ಮಷೀನಿನ ತಪ್ಪು ಎಂದು ಫಕೀರೇಶ ಕೈ ಮುಗಿದು ಹೇಳಿದ. ಆ ಕಾಕಾ ಸಿಟ್ಟಿನವರಲ್ಲ. ಅಡಿಕೆ ಕತ್ತರಿಸುತ್ತಾ ಸಾವಕಾಶ ಕೇಳಿದರು.

"ನೀವು ಕಲತವರು, ಹೇಳ್ರಿ. ಎರಡಕ್ಕೆ ಮೂರು ಅಂದಿದ್ರ ಮಷೀನ್ ತಪ್ಪು ಅನ್ನಬಹುದಿತ್ತು. ಬಿಳಿ ಕಲಿ ಅಂದ್ರೇನು ಅಂತ ಮಷೀನಿಗೆ ಹ್ಯಾಂಗ ಗೊತ್ತು? ಮನಿಯವರಿಗೆ ಗೊತ್ತಿಲ್ಲ ಅಂತ ಬ್ಯಾರೆ ಬರದೇತಿ. ಯಾರೋ ಗೊತ್ತಿದ್ದವರ ಬರದಾರ. ಯಾರ್ ಬರದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬಲಗೈ ಹೋಗಿ ಗಡಿಯಾರದ ಮೇಲೆ ಕುಳಿತಿತ್ತು. ಫಕೀರೇಶ ನನ್ನ ಕಡೆ ನೋಡಿದ. ಪರೀಕ್ಷೆಗೆ ಹಾಕಿದ ಸುಳ್ಳು ಮಾತು ಎಂದೆ. "ಇಂಥಾ ಮಾತು ಯಾರರೆ ಸುಳ್ಳ ಕಟ್ಟಿ ಬರೀತಾರೇನವಾ?" ಎಂದರು ಕಾಕಾ. ಚಹಾ ಕೊಟ್ಟರು, ಕುಡಿದೆ. ಕುಡಿದೆನಲ್ಲ, ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ.

೨೮ ನವೆಂಬರ್, ರವಿವಾರ

ಊಟ ಸೇರಲಿಲ್ಲ. ನಿಶ್ಚಯಕ್ಕೆ ಸೀರೆ ನೋಡೋಣ ಬಾ ಎಂದು ಅವ್ವ ಕರೆದಳು. ತಲೆನೋವು ಎಂದೆ.

೨ ಡಿಸೆಂಬರ್, ಗುರುವಾರ

ಸುಮಲತಾಳನ್ನು ಅವಳ ಸೋದರತ್ತೆಯಂದಿರು, ಓಣಿಯ ಇಬ್ಬರು ಹೆಂಗಸರು ಬಚ್ಚಲಮನೆಗೆ ಕರೆದುಕೊಂಡು ಹೋಗಿ ದೀಪ ಹಿಡಿದು ನೋಡಿದರಂತೆ. ತಲೆಗೂದಲನ್ನೂ ಬಿಡಿಸಿ ನೋಡಿದರಂತೆ. ಏನೂ ಸಿಗಲಿಲ್ಲ. ಹಾಗಾದರೆ ಮುಗಿಯಿತಲ್ಲ ಎಂದರೆ, ಇಲ್ಲ. ಅವರಲ್ಲೇ ಒಬ್ಬಳು ಹೇಳಿದಳಂತೆ, "ಈಗಿಲ್ಲ, ಖರೇ. ಕಂಪ್ಯೂಟರ್ ಜಾತಕಾನೂ ಬರೀತೈತಲ್ಲ? ಮುಂದ ಬರೂದು ಅದಕ್ಕ ಮೊದಲ ಗೊತ್ತಾಗಿರಬೇಕು."

ಸುಕನ್ಯಾ ಅಕ್ಕಾರು ಇದನ್ನು ಹೇಳಿ, "ಹುಡುಗಿ ಮಾತ ಬಿಟ್ಟಾಳಂತವಾ" ಎಂದರು.

ನಾನು ಎಷ್ಟು ಸಲ ಯೋಚಿಸಿದರೂ ಲೆಕ್ಕ ಒಂದೇ ಕಡೆ ಬರುತ್ತದೆ. ಇಲ್ಲದ್ದನ್ನು ಇಲ್ಲ ಎಂದು ತೋರಿಸಲು ಅವಳಿಗೆ ದಾರಿಯೇ ಇಲ್ಲ. ಆ ಮಾತು ಯಾರದೆಂದು ತೋರಿಸಿದರೆ ಮಾತ್ರ ಅದು ಅವಳನ್ನು ಬಿಡುತ್ತದೆ. ತೋರಿಸಿದರೆ ನನಗೆ ಏನೂ ಉಳಿಯುವುದಿಲ್ಲ. ಧಾರವಾಡ ಎಷ್ಟು ದೊಡ್ಡ ಊರು? ಸಂಜೆಯೊಳಗೆ ಅಂಬರೀಷರ ಮನೆಗೆ ಮುಟ್ಟುತ್ತದೆ.

೫ ಡಿಸೆಂಬರ್, ರವಿವಾರ

ಗೋಪನಕೊಪ್ಪಕ್ಕೆ ಹೋದೆ. ಶಿದ್ದಪ್ಪ ಹೊಲಿಗೆ ಯಂತ್ರದ ಮುಂದೆ ಕೈ ಕಟ್ಟಿ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ, ಬಾ ಎನ್ನಲಿಲ್ಲ. ಗಡಿಯಾರ ಬಿಚ್ಚಿ, ತೋಳು ಮೇಲೆ ಮಾಡಿ, "ಆ ಮಾತು ನಂದ್ರಿ. ನನ್ನ ಬಗ್ಗೆ ನಾನ ಬರಕೊಂಡಿದ್ದು. ನನ್ನ ಜೋಳಿಗಿ ನಿಮ್ಮ ಮಗಳ ಹೆಸರಿಗೆ ಹೋಗಿ ಬಿತ್ತು" ಎಂದೆ. ಅಭ್ಯಾಸ ಮಾಡಿಕೊಂಡು ಹೋದ ಮಾತುಗಳಲ್ಲಿ ಮಿಕ್ಕದ್ದೆಲ್ಲ ಮರೆತುಹೋಯಿತು.

ಆತ ನನ್ನ ಕೈಯನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಕಾದೆ. "ಧಾರವಾಡಕ್ಕ ಬರ್ತೀರೇನ್ರಿ?" ಎಂದ, ಅಷ್ಟೇ. ಒಳಗಿನ ಕೋಣೆಯಿಂದ ಬಳೆಯ ಸದ್ದು ಬಂತು. ಸುಮಲತಾ ಹೊರಗೆ ಬರಲಿಲ್ಲ.

ಶಿದ್ದಪ್ಪ, ಆತನ ಹೆಂಡತಿ, ನಾನು. ಅದೇ ಮನೆ, ಅದೇ ಕಾಕಾ. ಅಲ್ಲೂ ತೋಳು ಮೇಲೆ ಮಾಡಿದೆ. ಒಳಗಿನಿಂದ ಹೆಂಗಸರೂ ಬಂದು ನೋಡಿದರು. "ಹಂಗಾರ ಇದು ನಿಂದು" ಎಂದರು ಕಾಕಾ.

"ಹೌದ್ರಿ. ತೊನ್ನು. ನಂದು."

ಅವರು ಅಡಿಕೆ ಕತ್ತರಿ ಕೆಳಗಿಟ್ಟರು. "ತಪ್ಪಾತು ಶಿದ್ದಪ್ಪಾ. ಆದ್ರ ಮೊನ್ನೆ ಗದಗಿನವರಿಗೆ ಮಾತು ಕೊಟ್ಟುಬಿಟ್ಟೇವಿ. ಈಗ ಹ್ಯಾಂಗ ತಿರುಗಲಿ?" ಎಂದರು. ಅವರ ದನಿಯಲ್ಲಿ ನೋವಿತ್ತು. ಅವರನ್ನು ಬೈಯಲೂ ಆಗಲಿಲ್ಲ ನನಗೆ. ಮೊದಲ ಸಲ ಬಂದಾಗಲೇ ಬಾಯಿ ಬಿಟ್ಟಿದ್ದರೆ ಗದಗಿನವರು ಇರುತ್ತಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಶಿದ್ದಪ್ಪನ ಹೆಂಡತಿ ನನ್ನ ಪಕ್ಕದಲ್ಲೇ ಕುಳಿತರು. ನವನಗರದಲ್ಲಿ ನಾನು ಇಳಿಯಲು ಎದ್ದಾಗ ಕೇಳಿದರು.

"ನಿಮ್ಮವ್ವಗ ಗೊತ್ತೈತೇನವಾ?"

"ಇಲ್ರಿ."

ಸೆಪ್ಟೆಂಬರಿನಲ್ಲಿ ಹೊಡೆದ ಉತ್ತರವೇ. ಅವರು ನನ್ನ ಕೈ ಹಿಡಿದರು, ಕಂಡಕ್ಟರ್ ಸೀಟಿ ಊದುವವರೆಗೂ ಬಿಡಲಿಲ್ಲ.

ಅವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಧೈರ್ಯ ಹೇಳುತ್ತಾಳೆ, ಇಲ್ಲವೇ ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಈಳಿಗೆಯನ್ನು ಸರಿಸಿ, "ಯಾರ್ಯಾರಿಗೋ ತೋರಿಸಿ ಬಂದಿ. ಊರಿಗೆಲ್ಲಾ ತೋರಿಸಿದ ಮ್ಯಾಲೆ ಕಡೀಕ ನನಗ ತೋರಸ್ತೀ ಏನ? ನಾ ಯಾರು ನಿನಗ?" ಎಂದಳು. ಅವಳು ಅತ್ತದ್ದು ಅದಕ್ಕೇ. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು, ಅವ್ವ ಬಿಟ್ಟಿದ್ದ ಉಳ್ಳಾಗಡ್ಡಿಯನ್ನು ಹೆಚ್ಚಲು ಕುಳಿತರು. ಈ ಮನೆಯಲ್ಲಿ ಅವರು ಈಳಿಗೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

೧೫ ಡಿಸೆಂಬರ್, ಬುಧವಾರ

ಅಂಬರೀಷರ ಸೋದರತ್ತೆ ಮೊನ್ನೆ ಫೋನ್ ಮಾಡಿ, ಈ ವರ್ಷ ಬೇಡ ಎಂದರು. ಮುಂದಿನ ವರ್ಷದ ಮಾತು ಎತ್ತಲಿಲ್ಲ. ಅಂಬರೀಷರು ಫೋನ್ ಮಾಡಿಲ್ಲ. ದನಿ ಸಣ್ಣಗಾದದ್ದನ್ನು ಅಷ್ಟು ದೂರದಿಂದ ಹಿಡಿದವರಿಗೆ ಇದು ಮಾತ್ರ ಕೇಳಿಸಲಿಲ್ಲ. ಸಿಟ್ಟು ಬರಲಿ ಎಂದು ಕಾಯುತ್ತಿದ್ದೇನೆ, ಬರುತ್ತಿಲ್ಲ. ಎದ್ದು ಹೋಗುವುದು, ಬರುವುದು, ಮಲಗುವುದು, ಅಷ್ಟೇ ನಡೆದಿದೆ.

ಅಳಿಸುವ ಪ್ರೋಗ್ರಾಮನ್ನು ಸರಿಮಾಡಿದೆ. ಈಗ ಯಾರನ್ನು ಅಳಿಸಿದರೂ ಅವರ ಜೋಳಿಗೆಯೂ ಹೋಗುತ್ತದೆ. ನಂಬರುಗಳನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ನಾಲ್ಕೇ ಸಾಲಿನ ಕೆಲಸ.

ಮಧ್ಯಾಹ್ನ ಸುಮಲತಾ ಒಬ್ಬಳೇ ಆಫೀಸಿಗೆ ಬಂದಳು. ಇಳಿದುಹೋಗಿದ್ದಾಳೆ. ಕುಳಿತುಕೊಳ್ಳಲಿಲ್ಲ. "ನನ್ನ ಹೆಸರ ತಗೀರಿ ಅಕ್ಕಾ. ಜೋಳಿಗಿ ಸಮೇತ" ಎಂದಳು. ಕ್ಷಮಿಸು ಎಂದು ಹೇಳಬೇಕೆಂದು ಇಷ್ಟು ದಿನ ಕೂಡಿಸಿಟ್ಟುಕೊಂಡಿದ್ದೆ. ಅವಳ ಮುಖ ನೋಡಿ ಅದನ್ನು ಹೇಳುವ ಮುಖ ನನಗಿರಲಿಲ್ಲ. ಸುಕನ್ಯಾ ಅಕ್ಕಾರಿಗೆ ಫೋನ್ ಮಾಡಿದೆ. ಅಳಿಸಿ, ಪ್ರಿಂಟ್ ತೆಗೆದು, ಒಂದನೆಯ ನಂಬರಿಗೆ ಏನೂ ಬರುವುದಿಲ್ಲವೆಂದು ತೋರಿಸುವ ಖಾಲಿ ಹಾಳೆಯನ್ನು ಹುಡುಗನೊಬ್ಬನ ಕೈಯಲ್ಲಿ ಕಳಿಸಿಕೊಟ್ಟರು. ಅದು ಬರುವವರೆಗೂ ಅವಳು ಕಿಟಕಿಯ ಹತ್ತಿರ ನಿಂತೇ ಇದ್ದಳು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು, "ಟೈಮ್ ಎಷ್ಟಾತ್ರಿ? ಬಸ್ಸಿಗೆ ಹೊತ್ತಾತು" ಎಂದಳು.

ಕೈ ತಿರುಗಿಸಿ ನೋಡಿದೆ. ಗಡಿಯಾರ ಇರಲಿಲ್ಲ. ಬೆಳಿಗ್ಗೆ ಕಟ್ಟಿಕೊಳ್ಳುವುದನ್ನೇ ಮರೆತು ಬಂದಿದ್ದೆ. ಇಬ್ಬರೂ ಆ ಬಿಳುಪನ್ನೇ ನೋಡುತ್ತಾ ನಿಂತೆವು. ಆಮೇಲೆ ನಾನು ಗೋಡೆಯ ಕಡೆ ತಿರುಗಿ, ನಾಲ್ಕು ಗಂಟೆ ಆಗಲಿಕ್ಕೆ ಬಂತು ಎಂದು ಹೇಳಿದೆ.